ಕಂಪ್ಯೂಟರ 'ಫೈಲ್ ಇಲ್ಲ' ಅಂದ್ರ ಏನು ಮಾಡಬೇಕು?



ಕಂಪ್ಯೂಟರ ಚಾಲೂ ಮಾಡಿದಾಗ ಒಮ್ಮೊಮ್ಮೆ ಪರದೆ ಪೂರಾ ಕರ್ರಗೆ ಆಗಿ, ಬಿಳಿ ಅಕ್ಷರದಾಗ ಎರಡೇ ಸಾಲು ಬಂದು ನಿಂತುಬಿಡುತ್ತವೆ. ಮೊದಲನೇ ಸಾಲು 'ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್'. ಅಂದರೆ ಎನ್‌ಟಿಎಲ್‌ಡಿಆರ್ ಎಂಬ ಫೈಲ್ ಸಿಗುತ್ತಾ ಇಲ್ಲ ಎಂದು ಅರ್ಥ. ಎರಡನೇ ಸಾಲು, ಕಂಟ್ರೋಲ್, ಆಲ್ಟ್, ಡಿಲೀಟ್ ಈ ಮೂರೂ ಗುಂಡಿ ಕೂಡಿಸಿ ಒತ್ತಿ ಮತ್ತೆ ಚಾಲೂ ಮಾಡಿರಿ ಎಂದು. ಒತ್ತಿದರೆ ಮತ್ತೆ ಅವೇ ಎರಡು ಸಾಲು. ಹತ್ತು ಸಲ ಒತ್ತಿದರೂ ಅಷ್ಟೇ. ಮೌಸ್ ಅಲುಗಾಡಿಸಿದರೆ ಬಾಣ ಕಾಣೂದಿಲ್ಲ, ಕೀಲಿ ಕುಟ್ಟಿದರೆ ಅಕ್ಷರ ಮೂಡೂದಿಲ್ಲ.

ಈ ಸಾಲು ನೋಡಿದ ಕೂಡಲೇ ಕೆಲವರು 'ಕಂಪ್ಯೂಟರ ಹೋತು' ಅಂತಾರ. ಇನ್ನ ಕೆಲವರು 'ಫಾರ್ಮ್ಯಾಟ್ ಹೊಡಿಬೇಕು' ಅಂತಾರ. ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಹೊಸದರಂತೆ ಖಾಲಿ ಮಾಡಿ ಮತ್ತೆ ವಿಂಡೋಸ್ ತುಂಬುವುದು. ಹಾಗೆ ಮಾಡಿದರೆ ಕಂಪ್ಯೂಟರ ಏನೋ ಚಾಲೂ ಆಗುತ್ತದೆ. ಆದರೆ ಅದರೊಳಗೆ ನಾವು ಇಟ್ಟದ್ದು ಹೋಗುತ್ತದೆ.

ಈ ವರ್ಷ ಬ್ಯಾಸಿಗಿ ಸೂಟಿ ಮುಗಿದು ಶಾಲೆ ತೆರೆದ ಮೇಲೆ ನಮ್ಮ ಶಾಲೆಯ ಕಂಪ್ಯೂಟರಿಗೆ ಹೀಗೇ ಆಯಿತು. ಅದು ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಶಾಲೆಯ ಹಳೇ ವಿದ್ಯಾರ್ಥಿಯೊಬ್ಬರು ಕೊಟ್ಟದ್ದು. ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಯಂತ್ರ. ಎಕ್ಸ್‌ಪಿ ಬಂದದ್ದು 2001ರಲ್ಲಿ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಕಂಪನಿ ಅದಕ್ಕೆ ದುರಸ್ತಿ ಕಳಿಸುವುದನ್ನು ನಿಲ್ಲಿಸಿತು. ಅದಕ್ಕೇ ನಮ್ಮ ಸರ್ ಅದನ್ನು ಇಂಟರ್‌ನೆಟ್ಟಿಗೆ ಹಚ್ಚಲು ಬಿಡುವುದಿಲ್ಲ. ಬರೆಯಲಿಕ್ಕೆ, ಚಿತ್ರ ತೆಗೆಯಲಿಕ್ಕೆ ಮಾತ್ರ ಬಳಸುತ್ತೇವೆ.

ಹಳೇದಾದರೂ ಅದರೊಳಗೆ ಇದ್ದದ್ದು ದೊಡ್ಡದು. ಎರಡು ವರ್ಷದಿಂದ ಆರನೇ ಏಳನೇ ತರಗತಿಯವರು ಊರಾಗಿನ ಬೀಸುಕಲ್ಲಿನ ಪದ, ಕುಟ್ಟುವ ಪದ, ಸೋಬಾನ ಪದ ಕೂಡಿಸುತ್ತಾ ಬಂದೇವಿ. ಸರ್ ತಮ್ಮ ಫೋನಿನಲ್ಲಿ ಧ್ವನಿ ಹಿಡಿದು ಕಂಪ್ಯೂಟರಿಗೆ ಹಾಕುತ್ತಿದ್ದರು. ನಾವು ಕೇಳಿ ಕೇಳಿ 'ನುಡಿ'ಯಲ್ಲಿ ಟೈಪ್ ಮಾಡುತ್ತಿದ್ದೆವು. ಒಟ್ಟು 63 ಪದ ಆಗಿದ್ದವು. ಫೋನಿನಲ್ಲಿ ಜಾಗ ಸಾಲದೆ ಅಲ್ಲಿಯ ಧ್ವನಿಯನ್ನು ಅಳಿಸಿ ಆಗಿತ್ತು. ಅದರಲ್ಲಿ 19 ಪದ ಒಬ್ಬರೇ ಆಯಿ ಹಾಡಿದ್ದು. ಆ ಆಯಿ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಇನ್ನು ಅವರ ಕಡೆ ಮತ್ತೆ ಹಾಡಿಸಿಕೊಳ್ಳುವುದು ಹೇಗೆ?

ಗದಗಿನ ಒಂದು ಅಂಗಡಿಗೆ ಫೋನ್ ಮಾಡಿ ಕೇಳಿದಾಗ, 'ತಗೊಂಡ್ ಬರ್ರಿ, ಫಾರ್ಮ್ಯಾಟ್ ಮಾಡಿ ಕೊಡ್ತೀವಿ, ಒಂದ್ ತಾಸಿನ ಕೆಲಸ' ಎಂದರು. ಸರ್ 'ಒಳಗಿಂದು ಉಳೀತದ ಏನ್ರಿ?' ಎಂದು ಕೇಳಿದ್ದಕ್ಕೆ 'ಅದನ್ನ ಹೇಳಾಕ ಬರಂಗಿಲ್ರಿ' ಎಂದರಂತೆ. ಸರ್ ಕಂಪ್ಯೂಟರನ್ನು ಕಳಿಸಲಿಲ್ಲ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ ರಿಪೇರಿ ಮಾಡುವ ನಮ್ಮ ಕಾಕಾ ರವಿವಾರ ಊರಿಗೆ ಬರುವವರಿದ್ದರು. ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಸರ್ ಅದರ ಮೇಲೆ ಟವೆಲ್ ಹೊದಿಸಿ ಇಟ್ಟರು. ಕಾಕಾ ಬಂದು ಏನು ಮಾಡಿದರು, ಯಾಕೆ ಮಾಡಿದರು ಎಂದು ಕೇಳಿ ತಿಳಿದುಕೊಂಡು ಬರೆದಿದ್ದೇನೆ.

ಮೊದಲು ಒಂದು ಮಾತು ತಿಳಿಯಬೇಕು. ಕಂಪ್ಯೂಟರ ಹೇಗೆ ಏಳುತ್ತದೆ?

ಗುಂಡಿ ಒತ್ತಿದಾಗ ವಿಂಡೋಸ್ ಒಮ್ಮೆಲೇ ಬರುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ಎಬ್ಬಿಸುತ್ತಾ ಹೋಗುತ್ತಾರೆ. ಎಲ್ಲಕ್ಕಿಂತ ಮೊದಲು ಏಳುವುದು ಬಯಾಸ್ ಎಂಬ ಚಿಕ್ಕ ಪ್ರೋಗ್ರಾಮ್. ಅದು ಡಿಸ್ಕಿನಲ್ಲಿ ಇರುವುದಿಲ್ಲ. ಒಳಗಿನ ದೊಡ್ಡ ಹಸಿರು ಹಲಗೆ ಇರುತ್ತದಲ್ಲ, ಅದಕ್ಕೆ ಮದರ್‌ಬೋರ್ಡ್ ಅನ್ನುತ್ತಾರೆ, ಅದರ ಮೇಲಿನ ಒಂದು ಚಿಪ್ಪಿನಲ್ಲಿ ಇರುತ್ತದೆ. ಬಯಾಸ್ ಎದ್ದು ಮೆಮೊರಿ ಇದೆಯೇ, ಕೀಬೋರ್ಡ್ ಇದೆಯೇ, ಡಿಸ್ಕ್ ಇದೆಯೇ ಎಂದು ಹಾಜರಿ ತೆಗೆದುಕೊಳ್ಳುತ್ತದೆ. ಆಮೇಲೆ ತನ್ನ ಹತ್ತಿರ ಇರುವ ಒಂದು ಚೀಟಿ ನೋಡುತ್ತದೆ. ಯಾವ ಡಿಸ್ಕಿನಲ್ಲಿ ಮೊದಲು ಹುಡುಕಬೇಕು, ಅಲ್ಲಿ ಸಿಗದಿದ್ದರೆ ಯಾವುದರಲ್ಲಿ, ಎಂದು ಆ ಚೀಟಿಯಲ್ಲಿ ಕ್ರಮವಾಗಿ ಇರುತ್ತದೆ. ಇದಕ್ಕೆ ಬೂಟ್ ಆರ್ಡರ್ ಅಂತಾರೆ.

ಚೀಟಿಯಲ್ಲಿ ಮೊದಲು ಇರುವ ಡಿಸ್ಕಿಗೆ ಹೋಗಿ ಬಯಾಸ್ ಅದರ ಮೊದಲನೇ ತುಣುಕನ್ನು ಓದುತ್ತದೆ. ಆ ತುಣುಕಿಗೆ ಸೆಕ್ಟರ್ ಎಂದು ಹೆಸರು. ಅದರ ಅಳತೆ 512 ಬೈಟ್. ಅದರಲ್ಲಿ 446 ಬೈಟ್ ಪ್ರೋಗ್ರಾಮಿಗೆ, 64 ಬೈಟ್ ಡಿಸ್ಕನ್ನು ಹೇಗೆ ಭಾಗ ಮಾಡಿದೆ ಎಂಬ ಪಟ್ಟಿಗೆ, ಕೊನೆಯ 2 ಬೈಟ್ ಸಹಿಗೆ. ಕೂಡಿಸಿ ನೋಡಿರಿ, ಸರಿಯಾಗಿ 512 ಆಗುತ್ತದೆ. ಈ 512 ಬೈಟ್ ಎಷ್ಟು ಚಿಕ್ಕದು ಗೊತ್ತೇನು? ಯುನಿಕೋಡಿನ ಯುಟಿಎಫ್-8 ರೀತಿಯಲ್ಲಿ ಕನ್ನಡದ ಒಂದೊಂದು ಗುರುತಿಗೆ 3 ಬೈಟ್ ಬೇಕು. 'ಕನ್ನಡ' ಎಂಬ ಶಬ್ದದಲ್ಲಿ ಕ, ನ, ಒತ್ತು ಮಾಡುವ ಅರ್ಧ ಗುರುತು, ಮತ್ತೊಂದು ನ, ಡ ಎಂದು 5 ಗುರುತು. ಅಂದರೆ 15 ಬೈಟ್. 512 ಬೈಟಿನಲ್ಲಿ 'ಕನ್ನಡ' ಎಂದು ಬಿಡದೆ 34 ಸಲ ಬರೆದರೆ ಜಾಗ ಮುಗಿಯಿತು. ನಾನು ಇದನ್ನು ಲೆಕ್ಕದ ವಹಿಯಲ್ಲಿ ಮಾಡಿ ನೋಡಿದೆ, 2 ಬೈಟ್ ಉಳಿಯಿತು.

ಇಷ್ಟು ಚಿಕ್ಕ ಜಾಗದಲ್ಲಿ ವಿಂಡೋಸ್ ಎಲ್ಲಿ ಹಿಡಿಯಬೇಕು? ಅದಕ್ಕೆ ಈ ತುಣುಕು ಡಿಸ್ಕಿನ ಸರಿಯಾದ ಭಾಗವನ್ನು ತೋರಿಸುತ್ತದೆ, ಆ ಭಾಗದ ಮೊದಲಿನ ಬೂಟ್ ಸೆಕ್ಟರ್ ಎಂಬುದು ಎದ್ದು ಎನ್‌ಟಿಎಲ್‌ಡಿಆರ್ ಫೈಲನ್ನು ಕರೆಯುತ್ತದೆ. ಎನ್‌ಟಿಎಲ್‌ಡಿಆರ್ ಅಂದರೆ ಎನ್‌ಟಿ ಲೋಡರ್. ಅದು ಸುಮಾರು ಎರಡೂವರೆ ಲಕ್ಷ ಬೈಟಿನ ಫೈಲ್. ಅದು ಬಂದು ಬೂಟ್ ಡಾಟ್ ಐಎನ್‌ಐ ಎಂಬ ಇನ್ನೊಂದು ಚಿಕ್ಕ ಫೈಲ್ ಓದಿ ವಿಂಡೋಸ್ ಯಾವ ಜಾಗದಲ್ಲಿದೆ ಎಂದು ತಿಳಿದುಕೊಂಡು, ವಿಂಡೋಸಿನ ಮುಖ್ಯ ಫೈಲುಗಳನ್ನು ಎಬ್ಬಿಸುತ್ತದೆ. ಆಮೇಲೆ ನಮಗೆ ಗೊತ್ತಿರುವ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ಬರುತ್ತದೆ.

ಹೀಗೆ ಏಳುವುದಕ್ಕೆ ಬೂಟ್ ಆಗುವುದು ಎಂದು ಹೆಸರು ಬಂದದ್ದು ಕಾಲಿನ ಬೂಟಿನಿಂದಲೇ. ಬೂಟಿನ ಹಿಂದೆ ಎಳೆಯಲಿಕ್ಕೆ ಒಂದು ಪಟ್ಟಿ ಇರುತ್ತದೆ. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆ ಎತ್ತಿಕೊಳ್ಳುವುದು ಎಂದು ಇಂಗ್ಲೀಷಿನಲ್ಲಿ ಒಂದು ಮಾತು ಇದೆ. ನಮ್ಮ ಕಡೆ ಹೇಳಬೇಕೆಂದರೆ ತನ್ನ ಜುಟ್ಟು ತಾನೇ ಹಿಡಕೊಂಡು ಬಾವಿಯಿಂದ ಮ್ಯಾಲ ಬಂದಂಗ. ಚಿಕ್ಕ ತುಣುಕು ದೊಡ್ಡ ಕಂಪ್ಯೂಟರನ್ನು ಎಬ್ಬಿಸುತ್ತದಲ್ಲ, ಅದಕ್ಕೆ ಆ ಹೆಸರು.

ಈಗ ತಪ್ಪು ಎಲ್ಲಿ ಆಗುತ್ತದೆ ನೋಡೋಣ. ಕಾಕಾ ನನಗೆ ಹೀಗೆ ಹೇಳಿದರು. ಶಾಲೆ ತೆಗೆಯುವ ಒಬ್ಬ ವಯಸ್ಸಾದ ಅಜ್ಜ ಇದ್ದಾನೆ ಎಂದು ತಿಳಿ. ಅವನಿಗೆ ಮರೆವು. ಚಾವಿ ಯಾರ ಮನೆಯಲ್ಲಿ ಇದೆ ಎಂದು ಒಂದು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದಾನೆ. ದಿನಾ ಮುಂಜಾನೆ ಚೀಟಿ ನೋಡುತ್ತಾನೆ, 'ಮೂರನೇ ಮನೆ' ಅಂತ ಇರುತ್ತದೆ, ಅಲ್ಲಿ ಹೋಗಿ ಚಾವಿ ತರುತ್ತಾನೆ. ಒಂದು ದಿವಸ ಅಂಗಿ ಒಗೆಯುವಾಗ ಚೀಟಿ ನೀರಾಗ ಹೋಯಿತು. ಅಜ್ಜ ಓಣಿಯ ಮೊದಲನೇ ಮನೆಗೆ ಹೋಗಿ ಕೇಳಿದ. 'ನಮ್ಮಲ್ಲಿ ಚಾವಿ ಇಲ್ಲ' ಅಂದರು. ಅಜ್ಜ ಅಲ್ಲಿಯೇ ನಿಂತು 'ಚಾವಿ ಕಳದೈತಿ' ಎಂದು ಒದರಿದ. ಮೂರನೇ ಮನೆಯ ಮೊಳೆಗೆ ಚಾವಿ ಹಂಗೇ ಜೋತುಬಿದ್ದಿದೆ! ಎನ್‌ಟಿಎಲ್‌ಡಿಆರ್ ಮಿಸ್ಸಿಂಗ್ ಅಂದರೆ ಬಹಳ ಸಲ ಇಷ್ಟೇ. ಯಾವ ಮನೆಗೆ ಹೋಗಿ ಕೇಳಿತೋ ಆ ಮನೆಯಲ್ಲಿ ಇಲ್ಲ ಎಂದು ಅರ್ಥ.

ಕಾಕಾ ಬಂದ ಕೂಡಲೇ ಕಂಪ್ಯೂಟರನ್ನು ಬಿಚ್ಚಲಿಲ್ಲ. ಚಾಲೂ ಮಾಡಿ ಕೈ ಕಟ್ಟಿ ನೋಡುತ್ತಾ ಕೂತರು. 'ಕಡೀ ಸಾಲು ಎಲ್ಲಾರೂ ಓದ್ತಾರಲೇ ತಮ್ಮಾ, ಮೊದಲನೇ ಸಾಲು ಓದು' ಎಂದರು. ಎಲ್ಲರಿಗಿಂತ ಮೊದಲು ಬಂದ ಪರದೆಯಲ್ಲಿ 'ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್' ಎಂದು ಇತ್ತು, ಕೆಳಗೆ ಎಫ್ 1 ಒತ್ತಿರಿ ಎಂದು. ಒತ್ತಿದ ಮೇಲೆ ಆ ಪರದೆ ಹೋಗಿ ಫೈಲ್ ಇಲ್ಲ ಎಂಬ ಸಾಲು ಬರುತ್ತಿತ್ತು. ಕಾಕಾ ಮತ್ತೆ ಚಾಲೂ ಮಾಡಿ ಡಿಲೀಟ್ ಗುಂಡಿಯನ್ನು ಪಟಪಟ ಒತ್ತಿ ಬಯಾಸಿನ ಒಳಗೆ ಹೋದರು. (ಕೆಲವು ಕಂಪ್ಯೂಟರಿನಲ್ಲಿ ಎಫ್ 2, ಕೆಲವದರಲ್ಲಿ ಎಫ್ 10 ಒತ್ತಬೇಕು. ಯಾವುದು ಎಂದು ಮೊದಲನೇ ಪರದೆಯಲ್ಲೇ ಬರೆದಿರುತ್ತದೆ.) ಅಲ್ಲಿ ತಾರೀಖು ನೋಡಿದರೆ 2002ರ ಜನವರಿ 1! ನಾವು ಯಾರೂ ಹುಟ್ಟಿರಲಿಲ್ಲ. ಕಾಕಾ ನಕ್ಕು 'ರೋಗ ಸಿಕ್ತು' ಎಂದರು.

ಬಯಾಸಿನ ಚೀಟಿ ಇರುವುದು ಸಿಮಾಸ್ ಎಂಬ ಪುಟ್ಟ ಮೆಮೊರಿಯಲ್ಲಿ. ಗಡಿಯಾರವೂ ಅದರ ಜೊತೆಗೇ. ಪ್ಲಗ್ ತೆಗೆದಾಗಲೂ ಅವು ನೆನಪಿಟ್ಟುಕೊಳ್ಳಲು ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದ ಹಾಗೆ ದುಂಡಗಿನ ಬ್ಯಾಟರಿ ಇರುತ್ತದೆ. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ಆ ಅಂಕಿಯಲ್ಲೇ ಅಳತೆ ಇದೆ. 20 ಅಂದರೆ ಅಗಲ 20 ಮಿಲಿಮೀಟರ್, 32 ಅಂದರೆ ದಪ್ಪ 3.2 ಮಿಲಿಮೀಟರ್. ಅದು 3 ವೋಲ್ಟಿನ ಬ್ಯಾಟರಿ. ಕೆಲವು ವರ್ಷ ಬಾಳಿ ಆಮೇಲೆ ಸೋಲುತ್ತದೆ. ಪ್ಲಗ್ ಇದ್ದಾಗ ಗೋಡೆಯ ಕರೆಂಟೇ ಸಿಮಾಸನ್ನು ನೋಡಿಕೊಳ್ಳುತ್ತದೆ. ಅದಕ್ಕೇ ಬ್ಯಾಟರಿ ಸೋತದ್ದು ದಿನಾಲೂ ಬಳಸುವಾಗ ಗೊತ್ತಾಗುವುದಿಲ್ಲ. ಸೂಟಿಯಲ್ಲಿ ಗುಡುಗು ಸಿಡಿಲಿಗೆ ಹೆದರಿ ಸರ್ ಪ್ಲಗ್ ತೆಗೆದಿದ್ದರು. ಅದು ಸರಿಯೇ, ತೆಗೆಯದಿದ್ದರೆ ಸಿಡಿಲಿಗೆ ಇಡೀ ಯಂತ್ರವೇ ಹೋಗಬಹುದಿತ್ತು. ಆದರೆ ಒಂದೂವರೆ ತಿಂಗಳು ಮುದುಕ ಬ್ಯಾಟರಿ ಒಬ್ಬನೇ ಕಾಯಬೇಕಾಯಿತು. ಅವನಿಗೆ ಆಗಲಿಲ್ಲ. ಚೀಟಿ ಅಳಿಸಿತು, ಗಡಿಯಾರ ಹಿಂದೆ ಓಡಿತು.

ಚೀಟಿ ಅಳಿಸಿದರೆ ಬಯಾಸ್ ಕಾರ್ಖಾನೆಯಿಂದ ಬಂದಾಗ ಇದ್ದ ಕ್ರಮ ಹಿಡಿಯುತ್ತದೆ. ಒಂದೇ ಡಿಸ್ಕ್ ಇದ್ದರೆ ಇದರಿಂದ ಏನೂ ಆಗುತ್ತಿರಲಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್. ಜಾಗ ಸಾಲದು ಎಂದು ಬೇರೆ ಕೆಟ್ಟ ಕಂಪ್ಯೂಟರಿನ ಡಿಸ್ಕ್ ಒಂದನ್ನು ಖಾಲಿ ಮಾಡಿ, ಪದಗಳನ್ನೂ ಚಿತ್ರಗಳನ್ನೂ ಇಡಲು ಹಿಂದೆ ಹಾಕಿಸಿದ್ದರು. ಅದರ ವಾಯರ್ ಮೊದಲನೇ ಸಾಕೆಟ್ಟಿಗೆ ಸಿಕ್ಕಿಸಿತ್ತು, ವಿಂಡೋಸ್ ಇರುವ ಡಿಸ್ಕ್ ಎರಡನೇ ಸಾಕೆಟ್ಟಿಗೆ. ಚೀಟಿಯಲ್ಲಿ 'ಎರಡನೆಯದಕ್ಕೆ ಮೊದಲು ಹೋಗು' ಎಂದು ಬರೆದಿದ್ದರಿಂದ ಇಷ್ಟು ದಿನ ನಡೆದಿತ್ತು. ಆ ಹಳೇ ಡಿಸ್ಕಿನಲ್ಲಿ ಒಮ್ಮೆ ಅದರದೇ ವಿಂಡೋಸ್ ಇತ್ತು. ಫೈಲುಗಳನ್ನು ತೆಗೆದರೂ ಬಾಗಿಲ ಬಳಿ ಇರುವ ಆ 512 ಬೈಟಿನ ತುಣುಕು ಇನ್ನೂ ಇತ್ತು. ಅದು ಎದ್ದು ಎನ್‌ಟಿಎಲ್‌ಡಿಆರ್ ಬಾ ಎಂದು ಕರೆಯಿತು. ಅದರ ಮನೆಯಲ್ಲಿ ಯಾರಿದ್ದಾರೆ ಬರಲಿಕ್ಕೆ?

ಕಾಕಾ ಬಯಾಸಿನಲ್ಲಿ ವಿಂಡೋಸ್ ಇರುವ ಡಿಸ್ಕನ್ನು ಮೊದಲು ಮಾಡಿ, ತಾರೀಖು ಸರಿ ಮಾಡಿ, ಎಫ್ 10 ಒತ್ತಿ ಉಳಿಸಿ ಹೊರಗೆ ಬಂದರು. ಎರಡು ನಿಮಿಷದಾಗ ಹಸಿರು ಗುಡ್ಡ ಬಂತು. ಸರ್ ಮೊದಲು ತೆಗೆದು ನೋಡಿದ್ದು ಪದಗಳ ಫೋಲ್ಡರ್. 63ಕ್ಕೆ 63 ಇದ್ದವು. ಒಂದನ್ನು ಹಚ್ಚಿದರು, ಆ ಆಯಿಯ ಧ್ವನಿ ಬಂತು, ಹಿಂದೆ ಬೀಸುಕಲ್ಲಿನ ಗರ ಗರ ಸದ್ದು. ಸರ್ ಪೂರಾ ಪದ ಮುಗಿಯುವವರೆಗೆ ಮಾತಾಡಲಿಲ್ಲ.

ಬ್ಯಾಟರಿಯನ್ನು ಮುಳಗುಂದಕ್ಕೆ ಹೋದವರ ಕೈಲಿ ತರಿಸಿದೆವು. ಕೈಗಡಿಯಾರ ರಿಪೇರಿ ಮಾಡುವವರ ಹತ್ತಿರ ಸಿಕ್ಕಿತು. 30 ರೂಪಾಯಿ. ಪ್ಲಗ್ ತೆಗೆದು, ಕಾಕಾ ಮೊದಲು ಕಬ್ಬಿಣದ ಡಬ್ಬಿಯನ್ನು ಕೈಯಿಂದ ಮುಟ್ಟಿದರು. ಮೈಯಲ್ಲಿ ಇರುವ ಸ್ಥಿರ ವಿದ್ಯುತ್ತು ಚಿಪ್ಪನ್ನು ಸುಡಬಾರದು ಎಂದು. ಆಮೇಲೆ ಹಳೇದನ್ನು ಎಬ್ಬಿ ತೆಗೆದು, ಅಧಿಕ ಗುರುತು ಮೇಲೆ ಬರುವಂತೆ ಹೊಸದನ್ನು ಕೂಡಿಸಿದರು. ಬ್ಯಾಟರಿ ಬದಲು ಮಾಡಿದ ಮೇಲೆ ಬಯಾಸಿನಲ್ಲಿ ಕ್ರಮವನ್ನೂ ತಾರೀಖನ್ನೂ ಮತ್ತೊಮ್ಮೆ ಹಾಕಬೇಕು, ಇದನ್ನು ಮರೆಯಬೇಡಿರಿ. ಕೂಸುಗಳಿರುವ ಮನೆಯಲ್ಲಿ ಈ ಬ್ಯಾಟರಿಯನ್ನು ಎಲ್ಲೆಂದರಲ್ಲಿ ಒಗೆಯಬಾರದು. ನುಂಗಿದರೆ ಗಂಟಲಿನ ಒಳಗೆ ಸುಡುತ್ತದೆ, ಜೀವಕ್ಕೆ ಅಪಾಯ.

ನಿಮ್ಮ ಕಂಪ್ಯೂಟರಿಗೆ ಹೀಗಾದರೆ ಬ್ಯಾಟರಿಯೇ ಕಾರಣ ಎಂದು ತಿಳಿಯಬೇಡಿರಿ. ಕಾಕಾ ಹೇಳಿದ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಸಲ ಸಿಗುವ ಕಾರಣ ಪೆನ್ ಡ್ರೈವ್. ಯಾರೋ ಸಿಕ್ಕಿಸಿ ಹಾಗೇ ಬಿಟ್ಟು ಹೋಗಿರುತ್ತಾರೆ. ಬೂಟ್ ಆರ್ಡರಿನಲ್ಲಿ ಪೆನ್ ಡ್ರೈವ್ ಮೊದಲು ಇದ್ದರೆ ಬಯಾಸ್ ಅದರಲ್ಲೇ ಹುಡುಕಿ ಫೈಲ್ ಇಲ್ಲ ಎನ್ನುತ್ತದೆ. ಪೆನ್ ಡ್ರೈವ್, ಸಿಡಿ, ಕಾರ್ಡ್ ಎಲ್ಲಾ ತೆಗೆದು ಚಾಲೂ ಮಾಡಿರಿ. ಹಿಂದೆ ಫ್ಲಾಪಿ ಇದ್ದ ಕಾಲದಲ್ಲಿಯೂ ಇದೇ ಆಗುತ್ತಿತ್ತಂತೆ. ಆಗ ಬರುತ್ತಿದ್ದ ಸಾಲು 'ನಾನ್ ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್'. ಫ್ಲಾಪಿ ಹೊರಗೆ ಎಳೆದು ಯಾವುದಾದರೂ ಗುಂಡಿ ಒತ್ತಿದರೆ ಸರಿಹೋಗುತ್ತಿತ್ತು.

ಆಮೇಲೆ ಬಯಾಸಿನಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೋ ಇಲ್ಲವೋ ನೋಡಬೇಕು. ಹೆಸರೇ ಇಲ್ಲದಿದ್ದರೆ ವಾಯರ್ ಸಡಿಲಾಗಿರಬಹುದು. ನಮ್ಮ ಕಡೆ ಎರಿ ಮಣ್ಣಿನ ಧೂಳು ಬಹಳ, ಸಾಕೆಟ್ಟಿನಲ್ಲಿ ಕೂಡುತ್ತದೆ. ಇನ್ನು ಇಲಿಗಳ ಕಾಟ ಹೇಳಬೇಕಿಲ್ಲ. ಒಂದು ಕಂಪ್ಯೂಟರಿನೊಳಗೆ ಇಲಿ ಗೂಡು ಮಾಡಿ ಹತ್ತಿ ತುಂಬಿಕೊಂಡಿದ್ದನ್ನು ಕಾಕಾ ನೋಡಿದ್ದಾರೆ. ಪ್ಲಗ್ ತೆಗೆದು ಪಕ್ಕದ ತಗಡು ಬಿಚ್ಚಿ, ವಾಯರನ್ನು ಎರಡೂ ಕಡೆ ತೆಗೆದು ಗಟ್ಟಿಯಾಗಿ ಸಿಕ್ಕಿಸಬೇಕು. ಇದನ್ನು ದೊಡ್ಡವರು ಜೊತೆಗಿದ್ದಾಗ ಮಾತ್ರ ಮಾಡಿರಿ. ಗೋಡೆಯ ವಾಯರ್ ಬಂದು ಸೇರುವ ಚೌಕದ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ.

ಡಿಸ್ಕಿನಿಂದ ಟಕ್ ಟಕ್ ಟಕ್ ಎಂದು ಸದ್ದು ಬರುತ್ತಿದ್ದರೆ ಬೇರೇನೂ ಮಾಡಬೇಡಿರಿ, ಬಂದ್ ಮಾಡಿರಿ. ಒಳಗೆ ತಿರುಗುವ ತಟ್ಟೆಗೆ ಅಥವಾ ಅದನ್ನು ಓದುವ ಮುಳ್ಳಿಗೆ ಪೆಟ್ಟಾಗಿದೆ ಎಂದು ಅರ್ಥ. ಚಾಲೂ ಮಾಡಿದಷ್ಟೂ ಒಳಗಿನದು ಹಾಳಾಗುತ್ತಾ ಹೋಗುತ್ತದೆ.

ಇಷ್ಟೆಲ್ಲಾ ನೋಡಿದ ಮೇಲೂ ಅದೇ ಸಾಲು ಬಂದರೆ ಫೈಲ್ ನಿಜವಾಗಿ ಕಳೆದಿರಬಹುದು. ಕೆಲಸ ನಡೆದಾಗ ಕರೆಂಟ್ ಪಟಕ್ಕನೆ ಹೋದರೆ, ವೈರಸ್ ಬಂದರೆ, ಯಾರಾದರೂ ಬೇಡದ ಫೈಲ್ ಎಂದು ಅಳಿಸಿದರೆ ಹೀಗಾಗುತ್ತದೆ. ಆಗಲೂ ಒಂದು ಫೈಲ್ ಹೋಗಿದೆ ಎಂದು ಎಲ್ಲ ಫೈಲ್ ಅಳಿಸುವುದು ಯಾವ ನ್ಯಾಯ? ಒಂದು ಹಂಚು ಒಡೆದರೆ ಮನೆ ಕೆಡವುತ್ತೇವೇನು? ಎಕ್ಸ್‌ಪಿಯ ಸಿಡಿ ಹಾಕಿ ಚಾಲೂ ಮಾಡಿದರೆ ನೀಲಿ ಪರದೆ ಬಂದು ಏನು ಮಾಡಲಿ ಎಂದು ಕೇಳುತ್ತದೆ. ಎಂಟರ್ ಒತ್ತಿದರೆ ಹೊಸದಾಗಿ ತುಂಬುವ ದಾರಿ. 'ಆರ್' ಅಕ್ಷರ ಒತ್ತಿದರೆ ದುರಸ್ತಿಯ ದಾರಿ, ಅದಕ್ಕೆ ರಿಕವರಿ ಕನ್ಸೋಲ್ ಎಂದು ಹೆಸರು. ಅಲ್ಲಿ ಕಾಪಿ ಎಂಬ ಆಜ್ಞೆ ಕೊಟ್ಟು ಸಿಡಿಯ ಐ386 ಫೋಲ್ಡರಿನಿಂದ ಎನ್‌ಟಿಎಲ್‌ಡಿಆರ್ ಮತ್ತು ಎನ್‌ಟಿಡಿಟೆಕ್ಟ್ ಡಾಟ್ ಕಾಮ್ ಎಂಬ ಎರಡು ಫೈಲುಗಳನ್ನು ಸಿ ಡ್ರೈವಿಗೆ ನಕಲು ಮಾಡಿದರೆ ಆಯಿತು. ಬಾಗಿಲ ಬಳಿಯ ತುಣುಕೇ ಕೆಟ್ಟಿದ್ದರೆ ಫಿಕ್ಸ್‌ಬೂಟ್, ಫಿಕ್ಸ್‌ಎಂಬಿಆರ್ ಎಂಬ ಆಜ್ಞೆಗಳಿವೆ. ಇವು ನಮ್ಮ ಕಡತಗಳನ್ನು ಅಳಿಸುವುದಿಲ್ಲ. ಆದರೂ ಡಿಸ್ಕಿನ ಪಟ್ಟಿಯನ್ನು ಮುಟ್ಟುವ ಕೆಲಸ ಇದು, ತಿಳಿದವರೇ ಮಾಡಬೇಕು.

ಕಾಕಾ ಗಿರಾಕಿಗಳ ಕಂಪ್ಯೂಟರ ಬಂದಾಗ ಇದಕ್ಕಿಂತ ಮೊದಲು ಇನ್ನೊಂದು ಮಾಡುತ್ತಾರಂತೆ. ಡಿಸ್ಕನ್ನು ತೆಗೆದು ಒಳ್ಳೆಯ ಕಂಪ್ಯೂಟರಿಗೆ ಎರಡನೇ ಡಿಸ್ಕ್ ಆಗಿ ಹಚ್ಚಿ, ಬೇಕಾದ್ದನ್ನೆಲ್ಲ ನಕಲು ಮಾಡಿಕೊಳ್ಳುವುದು. ವಿಂಡೋಸ್ ಏಳದಿದ್ದರೂ ಒಳಗಿನ ಫೋಟೋ, ಬರಹ, ಹಾಡು ಹಾಗೇ ಇರುತ್ತವೆ. ಡಿಸ್ಕ್ ಬಿಚ್ಚಲು ಬರದಿದ್ದರೆ ಲಿನಕ್ಸನ್ನು ಪೆನ್ ಡ್ರೈವಿನಿಂದಲೇ ಚಾಲೂ ಮಾಡಿ ನಕಲು ತೆಗೆಯಬಹುದು. ಅಂಗಡಿಗೆ ಕೊಡುವವರು ಮೊದಲು ಹೀಗೆ ಹೇಳಿರಿ: 'ಒಳಗಿಂದು ಮೊದಲ ಕಾಪಿ ಮಾಡಿ ಕೊಡ್ರಿ, ಆಮ್ಯಾಲ ಏನರ ಮಾಡ್ರಿ.' ತಿಳಿಯದೆ ಫಾರ್ಮ್ಯಾಟ್ ಆಗಿಹೋಗಿದ್ದರೂ ಪೂರಾ ನಿರಾಶೆ ಬೇಡ. ಎಕ್ಸ್‌ಪಿಯಲ್ಲಿ ಫಾರ್ಮ್ಯಾಟ್ ಮಾಡಿದಾಗ ಪುಸ್ತಕದ ಪರಿವಿಡಿ ಹರಿದಂತೆ ಆಗುತ್ತದೆ, ಹಾಳೆಗಳು ಒಳಗೆ ಇರುತ್ತವೆ. ಆದರೆ ಮೇಲೆ ಹೊಸ ವಿಂಡೋಸ್ ತುಂಬಿದರೆ ಅದು ಎಷ್ಟು ಜಾಗದಲ್ಲಿ ಕೂಡುತ್ತದೆಯೋ ಅಷ್ಟು ಹಾಳೆಯ ಮೇಲೆ ಬೇರೆ ಬರಹ ಬಿತ್ತು. ಅದನ್ನು ಯಾರೂ ತಿರುಗಿ ತರಲಾರರು.

ಹೊಸ ಕಂಪ್ಯೂಟರ ಇದ್ದವರು ಕೇಳಬಹುದು, ನಮ್ಮದರಲ್ಲಿ ಈ ಸಾಲು ಬರುವುದಿಲ್ಲವಲ್ಲ ಎಂದು. ವಿಂಡೋಸ್ ವಿಸ್ತಾ 2007ರಲ್ಲಿ ಮಾರಾಟಕ್ಕೆ ಬಂದಾಗ ಎನ್‌ಟಿಎಲ್‌ಡಿಆರ್ ಬದಲು ಬೂಟ್‌ಎಂಜಿಆರ್ ಎಂಬ ಫೈಲ್ ಬಂತು. ವಿಂಡೋಸ್ 7ರ ಕಂಪ್ಯೂಟರಿನಲ್ಲಿ ಹಾಗಾಗಿ 'ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್' ಎಂದು ಬರುತ್ತದೆ. ಹೆಸರು ಬೇರೆ, ರೋಗ ಅದೇ. ನೋಡುವ ಕ್ರಮವೂ ಅದೇ. ಇನ್ನೂ ಹೊಸದರಲ್ಲಿ ಬಯಾಸಿನ ಬದಲು ಯುಇಎಫ್‌ಐ ಇರುತ್ತದೆ. ಅದು 512 ಬೈಟಿನ ತುಣುಕನ್ನು ನಂಬಿ ಕೂಡುವುದಿಲ್ಲ, ಡಿಸ್ಕಿನಲ್ಲಿ ತನಗಾಗಿ ಇಟ್ಟ ಒಂದು ಚಿಕ್ಕ ಭಾಗದಲ್ಲಿ ಫೈಲನ್ನು ನೇರವಾಗಿ ಹುಡುಕುತ್ತದೆ. ಅದಕ್ಕೂ ಚೀಟಿ ಇದ್ದೇ ಇದೆ.

ನುಡಿಯ ವಿಷಯ ಒಂದು ಉಳಿಯಿತು. ನುಡಿ ಕನ್ನಡ ಗಣಕ ಪರಿಷತ್ತು ಮಾಡಿದ ತಂತ್ರಾಂಶ. ಅದರ ಕೀಲಿಮಣೆಯ ಕ್ರಮಕ್ಕೆ ಆಧಾರ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ನಮ್ಮ ಪದಗಳನ್ನು ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದೆವು. ಆ ರೀತಿಯಲ್ಲಿ ಬರೆದ ಫೈಲನ್ನು ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲೀಷಿನ ಸೊಟ್ಟ ಅಕ್ಷರಗಳು ತಲೆ ಮೇಲೆ ಚುಕ್ಕಿ ಗೆರೆ ಇಟ್ಟುಕೊಂಡು ಬರುತ್ತವೆ. ಇದೂ ಒಂದು ಬಗೆಯ ಫೈಲ್ ಇಲ್ಲದ ರೋಗ, ಆದರೆ ಕಂಪ್ಯೂಟರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬರಹ ಕೆಟ್ಟಿತು ಎಂದು ಜನ ಅಳಿಸಿಬಿಡುತ್ತಾರೆ. ಅದಕ್ಕೆ ಈಗ ಎಲ್ಲವನ್ನೂ ಯುನಿಕೋಡಿಗೆ ಬದಲಿಸುತ್ತಾ ಇದ್ದೇವೆ. ಯುನಿಕೋಡಿನಲ್ಲಿ ಇದ್ದರೆ ಫೋನಿನಲ್ಲೂ ಓದಬಹುದು.

ನಮ್ಮ ಸೊರಟೂರಿನ ಹೆಸರು ಇತಿಹಾಸದಲ್ಲಿ ಬರುತ್ತದೆ. 12ನೇ ಶತಮಾನದ ಕೊನೆಯಲ್ಲಿ ಹೊಯ್ಸಳರ ಎರಡನೇ ವೀರಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ್ದು ಇಲ್ಲಿಯೇ. ಅಷ್ಟು ಹಿಂದಿನದು ನಮಗೆ ಗೊತ್ತಾದದ್ದು ಕಲ್ಲಿನ ಶಾಸನಗಳಿಂದ. ರಾಜರ ಯುದ್ಧ ಕಲ್ಲಿನ ಮೇಲೆ ಇದೆ, ಆಯಿಯ ಪದ ಒಂದು ಹಳೇ ಡಿಸ್ಕಿನ ಮೇಲೆ ಇತ್ತು ಎಂದು ಸರ್ ತರಗತಿಯಲ್ಲಿ ಹೇಳಿದರು. ಅದೇ ರವಿವಾರ ಸಂಜೆ 63 ಪದಗಳನ್ನೂ ಎರಡು ಪೆನ್ ಡ್ರೈವಿಗೆ ನಕಲು ಮಾಡಿದರು. ಒಂದು ಸರ್ ಮನೆಯಲ್ಲಿದೆ. ಇನ್ನೊಂದು ಆಫೀಸಿನ ಕಪಾಟಿನಲ್ಲಿ ಡಬ್ಬಿಯೊಳಗೆ ಇದೆ.

ಕಂಪ್ಯೂಟರಿನ ಪಕ್ಕದ ತಗಡಿಗೆ ಒಂದು ಚೀಟಿ ಅಂಟಿಸಿದ್ದೇವೆ. ವಿಂಡೋಸ್ ಯಾವ ಡಿಸ್ಕಿನಲ್ಲಿದೆ, ಬೂಟ್ ಆರ್ಡರ್ ಏನು, ಬ್ಯಾಟರಿ ಹಾಕಿದ ತಾರೀಖು, ಮೂರನ್ನೂ ಅದರಲ್ಲಿ ಬರೆದಿದೆ. ಪೆನ್ಸಿಲಿನಿಂದ ಬರೆದದ್ದು, ಅಳಿಸಬೇಡಿರಿ. ಟೈಪ್ ಮಾಡದೆ ಉಳಿದ ಪದ ಇನ್ನೂ ನಾಲ್ಕು ಇವೆ. ಅದರಲ್ಲಿ ಆಯಿಯ ಒಂದು ಪದದ ಮೂರನೇ ನುಡಿ ಬೀಸುಕಲ್ಲಿನ ಸದ್ದಿನಲ್ಲಿ ನಮಗೆ ತಿಳಿಯುತ್ತಿಲ್ಲ. ನಿಮ್ಮ ಮನೆಯಲ್ಲಿ ಹಳೇ ಪದ ಗೊತ್ತಿರುವ ಅಜ್ಜಿಯವರಿದ್ದರೆ ಶನಿವಾರ ಶಾಲೆ ಬಿಟ್ಟ ಮೇಲೆ ಕರೆದುಕೊಂಡು ಬರ್ರಿ. ಕೇಳಿ ಹೇಳಲಿ.